ಗುಣ: ಹುರಿಯಿಂದ ಸ್ವಭಾವಕ್ಕೆ

‘ಅವನ ಗುಣವೇ ಹಾಗೆ’ ಎಂದು ಒಬ್ಬನ ಆಸೆ ಬಿಡುವಾಗಲೂ, ‘ಜ್ವರ ಗುಣವಾಯಿತು’ ಎಂದು ನಿಟ್ಟುಸಿರಿಡುವಾಗಲೂ, ‘ಏಳನ್ನು ಎಂಟರಿಂದ ಗುಣಿಸು’ ಎಂದು ಮಗುವಿಗೆ ಹೇಳುವಾಗಲೂ ನಮ್ಮ ನಾಲಗೆಗೆ ಬರುವುದು ಒಂದೇ ಸಂಸ್ಕೃತ ಶಬ್ದ. ಎಳೆ, ಹುರಿ, ಹಗ್ಗ ಎಂಬ ಅರ್ಥಗಳೂ ಅದಕ್ಕುಂಟು. ಬಿಲ್ಲಿನ ಹೆದೆಯೂ ಗುಣವೇ. ಗುಣವುಳ್ಳ ಬಿಲ್ಲು ಬಾಗುತ್ತದೆ, ಗುಣವುಳ್ಳ ಮನುಷ್ಯನೂ ಬಾಗುತ್ತಾನೆ ಎಂಬ ಶ್ಲೇಷೆ ಕವಿಗಳಿಗೆ ಪ್ರಿಯವಾದದ್ದು ಅದರಿಂದ. ಎರಡೆಳೆ ಸೇರಿದರೆ ದ್ವಿಗುಣ, ಮೂರಾದರೆ ತ್ರಿಗುಣ. ಗುಣಾಕಾರದ ಬೇರು ಇದೇ. ಅಚ್ಚಗನ್ನಡವಾದರೋ ಎಳೆಯ ಬದಲು ಮಡಿಕೆಯನ್ನು ಎಣಿಸಿತು: ಇಮ್ಮಡಿ, ಮುಮ್ಮಡಿ, ನೂರ್ಮಡಿ.

ಸಾಂಖ್ಯರು ಈ ಶಬ್ದವನ್ನು ಪ್ರಕೃತಿಯ ಬುಡಕ್ಕೇ ಒಯ್ದರು. ಹಗುರವಾಗಿ ಬೆಳಗುವ ಸತ್ತ್ವ, ಕೆರಳಿಸಿ ಚಲಿಸುವ ರಜಸ್ಸು, ಭಾರವಾಗಿ ಕವಿಯುವ ತಮಸ್ಸು, ಈ ಮೂರೂ ಈಶ್ವರಕೃಷ್ಣನ ಸಾಂಖ್ಯಕಾರಿಕೆಯಲ್ಲಿ ಒಂದನ್ನೊಂದು ಅದುಮುತ್ತ, ಒಂದನ್ನೊಂದು ಆಶ್ರಯಿಸುತ್ತ ಕೂಡಿಯೇ ಇರುತ್ತವೆ; ಅಂದಮೇಲೆ ಬರಿಯ ಸಾತ್ತ್ವಿಕನೂ ಬರಿಯ ತಾಮಸನೂ ಲೋಕದಲ್ಲಿಲ್ಲ. ಮನುಷ್ಯನನ್ನು ಕುರಿತು ಇಷ್ಟು ಉದಾರವಾದ ಮಾತು ದರ್ಶನಗಳಲ್ಲಿ ವಿರಳವೆಂದೇ ನನ್ನ ಎಣಿಕೆ. ಗೀತೆ ಅದೇ ಮೂರನ್ನು ಊಟ, ದಾನ, ತಪಸ್ಸುಗಳವರೆಗೂ ಹರಡಿತು.

ಆಲಂಕಾರಿಕರ ಕೈಯಲ್ಲಿ ಶಬ್ದ ಕಾವ್ಯಕ್ಕೆ ಹೊರಳಿತು. ದಂಡಿ ಹತ್ತು ಕಾವ್ಯಗುಣಗಳನ್ನು ಹೇಳಿದ. ಮಮ್ಮಟ ಅವನ್ನು ಮಾಧುರ್ಯ, ಓಜಸ್ಸು, ಪ್ರಸಾದ ಎಂದು ಮೂರಕ್ಕಿಳಿಸಿ, ಶೌರ್ಯವು ಆತ್ಮಕ್ಕೆ ಸೇರಿದಂತೆ ಇವು ರಸಕ್ಕೆ ಸೇರಿದವು ಎಂದ. ಈ ನಡುವೆ ಗುಣವೆಂದರೆ ಒಳ್ಳೆಯದೇ ಎಂಬ ಒಲವು ಬಲಿತಿತ್ತು. ಪಂಪ ತನ್ನ ಆಶ್ರಯದಾತ ಅರಿಕೇಸರಿಯನ್ನು ‘ಗುಣಾರ್ಣವ’ ಎಂದು ಕರೆದಾಗ ತಮಸ್ಸಿಗೆ ಅಲ್ಲಿ ಎಡೆಯಿಲ್ಲ. ಕೆಟ್ಟದ್ದು ಒಳಬರಬೇಕಾದರೆ ದುರ್ಗುಣವೆಂದೋ ಅವಗುಣವೆಂದೋ ಉಪಸರ್ಗ ಹೊತ್ತೇ ಬರಬೇಕು. ಅದೇ ಪಂಪನ ಜೈನಮತದಲ್ಲಾದರೆ ಆತ್ಮದ ಹದಿನಾಲ್ಕು ಗುಣಸ್ಥಾನಗಳಲ್ಲಿ ಮೊದಲನೆಯದು ಮಿಥ್ಯಾದೃಷ್ಟಿ. ಏಣಿಯ ಕೆಳಗಿನ ಮೆಟ್ಟಿಲಿಗೂ ಗುಣವೆಂಬ ಹೆಸರು ತಪ್ಪಲಿಲ್ಲ.

ಮರಾಠಿಯಲ್ಲಿ ಪರೀಕ್ಷೆಯ ಅಂಕಗಳೂ ಗುಣವೇ. ಔಷಧ ನಾಟಿದರೆ ಅಲ್ಲಿಯೂ ‘ಗುಣ ಬಂತು’ ಎನ್ನುತ್ತಾರೆ. ಕನ್ನಡ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ರೋಗಿಯನ್ನೇ ಗುಣಮುಖನನ್ನಾಗಿಸಿತು. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುವ ಗಾದೆಯೂ ಕೆಟ್ಟ ಮೈ ಗುಣವಾಗುತ್ತದೆ ಎನ್ನುವ ನುಡಿಯೂ ಒಂದೇ ಮನೆಯ ಮಾತುಗಳು. ಗಾದೆ ಗುಣವನ್ನು ಗಟ್ಟಿಯಾದ ಒಂದೇ ವಸ್ತುವೆಂದು ಬಗೆಯಿತು, ಶಬ್ದದ ಚರಿತ್ರೆಯಾದರೋ ಹಲವು ಎಳೆಗಳ ಹುರಿಯನ್ನು ತೋರಿಸುತ್ತದೆ. ಮನುಷ್ಯಸ್ವಭಾವದ ವಿಚಾರದಲ್ಲಿ ನಾನು ಶಬ್ದದ ಕಡೆಗೇ ನಿಲ್ಲುತ್ತೇನೆ. ನಿಮ್ಮ ಸೀಮೆಯ ಆಡುಮಾತಿನಲ್ಲಿ ಗುಣಕ್ಕೆ ಬೇರೆ ಬಳಕೆಗಳಿದ್ದರೆ ದಯವಿಟ್ಟು ಬರೆದಿಡಿ.