ಶಾಲೆಯೊಳಗಣ ಕಾಲೇಜು

ಕಲಬುರಗಿಯಿಂದ ತೆಂಕಣಕ್ಕೆ ಹೊರಟು ಕಟ್ಟಿಸಂಗಾವಿಯ ಬಳಿ ಭೀಮೆಯನ್ನು ದಾಟಿದರೆ ಜೇವರ್ಗಿ ತಾಲೂಕಿನ ಎರೆಯ ಸೀಮೆ ಕಣ್ಣಿಗೆ ಬೀಳುತ್ತದೆ. ಜೋಳ ತೊಗರಿಗಳನ್ನು ಬೆಳೆಯುವ ಈ ಸೀಮೆಯ ಗ್ರಾಮಗಳಲ್ಲಿ ನೆಲೋಗಿಯೂ ಒಂದು. 1936ನೆಯ ಇಸವಿಯ ಡಿಸೆಂಬರ್ 25ರಂದು ಇಲ್ಲಿ ಜನಿಸಿದ ಧರ್ಮಸಿಂಗರು 2004ರಲ್ಲಿ ಕರ್ನಾಟಕದ ಮುಖ್ಯಮಂತ್ರಿಗಳಾದರೆಂಬುದು ಎಲ್ಲರಿಗೂ ವಿದಿತವಾದ ಸಂಗತಿಯೇ. ಅವರು ಎಂ. ಎ. ಪದವಿಯನ್ನೂ ಕಾನೂನಿನ ಪದವಿಯನ್ನೂ ಪಡೆದುದು ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾನಿಲಯದಲ್ಲಿ. ಭೀಮಾತೀರದಿಂದ ಮೂಸಿಯ ದಂಡೆಗೆ ಇನ್ನೂರು ಕಿಲೋಮೀಟರಿಗೂ ಮಿಕ್ಕಿದ ದಾರಿ. ಆ ದಾರಿಯನ್ನು ಸವೆಸಿ ವಿದ್ಯೆಯನ್ನು ಸಂಪಾದಿಸಿದವರ ಹೆಸರುಗಳು ಇತಿಹಾಸದಲ್ಲಿ ಉಳಿಯುತ್ತವೆ. ಊರ ಶಾಲೆಯ ಕೊನೆಯ ತರಗತಿಯಲ್ಲಿಯೇ ಪುಸ್ತಕವನ್ನು ಮುಚ್ಚಿಟ್ಟು ಹೊಲಕ್ಕೆ ಮರಳಿದವರ ಹೆಸರುಗಳಾದರೋ ಹಾಜರಿ ಪುಸ್ತಕದೊಡನೆಯೇ ಹಳತಾಗಿ ಹೋಗುತ್ತವೆ. ಶಾಲೆ ಎಲ್ಲಿ ಮುಗಿಯುತ್ತದೆ, ಕಾಲೇಜು ಎಲ್ಲಿ ಮೊದಲಾಗುತ್ತದೆ ಎಂಬುದು ನಗರವಾಸಿಗೆ ಬರಿಯ ಕಟ್ಟಳೆಯ ಪ್ರಶ್ನೆ. ನೆಲೋಗಿಯಂತಹ ಗ್ರಾಮದವನಿಗೆ ಅದು ಓದಬೇಕೇ ಬಿಡಬೇಕೇ ಎಂಬ ಪ್ರಶ್ನೆ.

ಅಮೆರಿಕ ದೇಶದಲ್ಲಿ ಹೈಸ್ಕೂಲಿನ ವಿದ್ಯಾರ್ಥಿಗಳು ಶಾಲೆಯಲ್ಲಿರುವಾಗಲೇ ಕಾಲೇಜಿನ ಪಾಠವನ್ನು ಓದಿ, ಅದರ ಫಲವನ್ನು ಮುಂದೆ ಪದವಿಗೆ ಜಮೆ ಮಾಡಿಕೊಳ್ಳುವ ಏರ್ಪಾಡೊಂದುಂಟು. ಉಭಯ ಪ್ರವೇಶವೆಂದು ಅದನ್ನು ಕರೆಯಬಹುದು. ಅದರಲ್ಲಿ ಎರಡು ಬಗೆ. ಕನೆಕ್ಟಿಕಟ್ ವಿಶ್ವವಿದ್ಯಾನಿಲಯವು 1955ರಲ್ಲಿ ಆರಂಭಿಸಿದ ಕ್ರಮದಲ್ಲಿ ಕಾಲೇಜೇ ಶಾಲೆಗೆ ಬರುತ್ತದೆ. ಎಂದರೆ, ವಿಶ್ವವಿದ್ಯಾನಿಲಯದ ಒಪ್ಪಿಗೆ ಪಡೆದ ಹೈಸ್ಕೂಲ್ ಉಪಾಧ್ಯಾಯರೇ ತಮ್ಮ ಶಾಲೆಯಲ್ಲಿ ಕಾಲೇಜಿನ ಪಾಠವನ್ನು ಹೇಳುತ್ತಾರೆ. 1972ರಲ್ಲಿ ಸಿರಾಕ್ಯೂಸ್ ವಿಶ್ವವಿದ್ಯಾನಿಲಯವು ಕೈಗೊಂಡ ಯೋಜನೆಯೂ ಇದೇ ತೆರನಾದುದು. ಕೊನೆಯ ವರ್ಷದ ಜಾಣ ಹುಡುಗರಿಗೆ ಶಾಲೆಯ ಪಾಠ ಸಪ್ಪೆಯಾಗಿ ಬೇಸರ ಹಿಡಿಯುತ್ತಿದೆಯೆಂದು ಸುತ್ತಣ ಶಾಲಾಧಿಕಾರಿಗಳು ದೂರಿಕೊಂಡುದೇ ಅದಕ್ಕೆ ನಿಮಿತ್ತ. 1985ರಲ್ಲಿ ಮಿನೆಸೋಟ ಪ್ರಾಂತವು ಮಾಡಿದ ಕಾನೂನು ಎರಡನೆಯ ಬಗೆಗೆ ನಿದರ್ಶನ. ಅಲ್ಲಿ ಹನ್ನೊಂದು ಹನ್ನೆರಡನೆಯ ತರಗತಿಗಳ ವಿದ್ಯಾರ್ಥಿಯೇ ಸರಕಾರದ ವೆಚ್ಚದಲ್ಲಿ ಕಾಲೇಜಿಗೆ ಹೋಗಿ ಕುಳಿತುಕೊಳ್ಳಬಹುದು. ಕಾಲೇಜು ಶಾಲೆಗೆ ಬರುವುದೋ, ಶಾಲೆಯ ಹುಡುಗ ಕಾಲೇಜಿಗೆ ಹೋಗುವುದೋ ಎಂಬ ಈ ಭೇದವನ್ನು ಮನಸ್ಸಿನಲ್ಲಿಟ್ಟುಕೊಂಡು ಕನ್ನಡ ನಾಡಿನ ವಿದ್ಯಾಭ್ಯಾಸದ ಚರಿತ್ರೆಯನ್ನು ನೋಡಿದರೆ, ಈ ವಿಚಾರವು ಇಲ್ಲಿಗೆ ಅಷ್ಟೇನೂ ಹೊಸದಲ್ಲವೆಂದು ತಿಳಿದುಬರುತ್ತದೆ.

ಬಹಳ ಹಿಂದಿನ ಮಾತು ಹಾಗಿರಲಿ ಎನ್ನುವಂತಿಲ್ಲ. ಇದೇ ಕಲಬುರಗಿ ಜಿಲ್ಲೆಯ ಚಿತ್ತಾಪುರದ ಬಳಿಯ ನಾಗಾವಿಯಲ್ಲಿ ಚಾಲುಕ್ಯರ ಕಾಲದ ಘಟಿಕಾಸ್ಥಾನವಿದ್ದಿತು. 1058ರ ಶಾಸನವು ಅಲ್ಲಿಯ ವೇದಾಧ್ಯಾಯಿಗಳನ್ನೂ ಶಾಸ್ತ್ರಾಧ್ಯಾಯಿಗಳನ್ನೂ ಅವರಿಗೆ ಕಲಿಸುವವರನ್ನೂ ಗ್ರಂಥಗಳನ್ನು ಕಾಯುವ ಸರಸ್ವತೀ ಭಂಡಾರಿಗರನ್ನೂ ಒಂದೇ ಆವರಣದಲ್ಲಿ ಎಣಿಸಿ ಹೇಳುತ್ತದೆ. ಒಂದು ಮೆಟ್ಟಿಲಿನಿಂದ ಇನ್ನೊಂದು ಮೆಟ್ಟಿಲಿಗೆ ಏರಲು ಅಲ್ಲಿಯ ವಿದ್ಯಾರ್ಥಿ ಊರು ಬಿಡಬೇಕಾಗಿರಲಿಲ್ಲ. ಆದರೆ ಆ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲವೆಂಬುದನ್ನು ಮರೆತು ಅದನ್ನು ಹೊಗಳುವುದು ಸರಿಯಲ್ಲ.

ಶಾಲೆಗೂ ಕಾಲೇಜಿಗೂ ನಡುವೆ ಈಗ ಕಾಣುವ ಗೋಡೆ ಎದ್ದುದು ಆಂಗ್ಲ ಪದ್ಧತಿಯ ವಿದ್ಯೆ ನೆಲೆಗೊಂಡ ಮೇಲೆ. ಆ ಗೋಡೆಯೂ ಮೊದಲಿಗೆ ಅಷ್ಟು ಗಟ್ಟಿಯಾಗಿರಲಿಲ್ಲ. 1857ರಲ್ಲಿ ಕಲ್ಕತ್ತ, ಮುಂಬಯಿ, ಮದರಾಸುಗಳಲ್ಲಿ ವಿಶ್ವವಿದ್ಯಾನಿಲಯಗಳು ಹುಟ್ಟಿದಾಗ, ಹೈಸ್ಕೂಲಿನ ಕಟ್ಟಕಡೆಯ ಪರೀಕ್ಷೆಯಾದ ಮೆಟ್ರಿಕ್ಯುಲೇಷನ್ನನ್ನು ಶಾಲೆಗಳು ನಡೆಯಿಸದೆ ವಿಶ್ವವಿದ್ಯಾನಿಲಯಗಳೇ ನಡೆಯಿಸಿದುವು. ಧಾರವಾಡದ ಹುಡುಗ ಮುಂಬಯಿಯ ಪ್ರಶ್ನಪತ್ರಿಕೆಗೂ ಬೆಂಗಳೂರಿನ ಹುಡುಗ ಮದರಾಸಿನ ಪ್ರಶ್ನಪತ್ರಿಕೆಗೂ ಉತ್ತರ ಬರೆಯಬೇಕಾಯಿತು. ಅನೇಕ ಕಾಲೇಜುಗಳು ಶಾಲೆಯ ಹೊಟ್ಟೆಯಲ್ಲಿಯೇ ಬೆಳೆದುವು. ಬೆಂಗಳೂರಿನ ಸೆಂಟ್ರಲ್ ಕಾಲೇಜು 1858ರಲ್ಲಿ ಹುಟ್ಟಿದುದು ಬೆಂಗಳೂರು ಹೈಸ್ಕೂಲು ಎಂಬ ಹೆಸರಿನಲ್ಲಿ. ಕಾಲೇಜೆಂಬ ಈಗಿನ ಹೆಸರು ಅದಕ್ಕೆ ಬಂದುದು 1875ರಲ್ಲಿ. ಮೈಸೂರಿನ ಮಹಾರಾಜಾ ಕಾಲೇಜಿನ ಬೇರು ಮುಮ್ಮಡಿ ಕೃಷ್ಣರಾಜ ಒಡೆಯರವರು 1833ರಲ್ಲಿ ಸ್ಥಾಪಿಸಿದ ಇಂಗ್ಲಿಷ್ ಶಾಲೆಯಲ್ಲಿದೆ. ಮಂಗಳೂರಿನ ಸೇಂಟ್ ಅಲೋಷಿಯಸ್ ಸಂಸ್ಥೆಯಲ್ಲಿ 1880ರಿಂದ ಶಾಲೆಯೂ ಕಾಲೇಜೂ ಒಂದೇ ಗುಡ್ಡದ ಮೇಲೆ ಬೆಳೆದುವು.

ಆದರೆ ಉಭಯ ಪ್ರವೇಶಕ್ಕೆ ಅತಿ ಸಮೀಪವಾದ ಉದಾಹರಣೆಯನ್ನು ಹುಡುಕುವವರು 1916ರ ಮೈಸೂರಿಗೆ ಹೋಗಬೇಕು. ಆ ವರ್ಷ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪಿತವಾಯಿತು, ಎಚ್. ವಿ. ನಂಜುಂಡಯ್ಯನವರು ಅದರ ಮೊದಲನೆಯ ವೈಸ್ ಚಾನ್ಸಲರು. ಮದರಾಸಿನ ಪದ್ಧತಿಯಂತೆ ಮೆಟ್ರಿಕ್ಯುಲೇಷನ್ ಆದ ಮೇಲೆ ಎರಡು ವರ್ಷದ ಇಂಟರ್ಮೀಡಿಯೆಟು, ಎರಡು ವರ್ಷದ ಬಿ. ಎ., ಒಟ್ಟು ನಾಲ್ಕು ವರ್ಷಗಳನ್ನು ಕಾಲೇಜಿನಲ್ಲಿ ಕಳೆಯಬೇಕಾಗಿದ್ದಿತು. ಮೈಸೂರು ಆ ನಾಲ್ಕನ್ನು ಒಂದು ಮತ್ತು ಮೂರು ಎಂದು ಒಡೆಯಿತು. ಮೂರು ವರ್ಷ ವಿಶ್ವವಿದ್ಯಾನಿಲಯದ ಪಾಲಾಯಿತು. ಮೊದಲನೆಯ ಒಂದು ವರ್ಷವನ್ನು ಆರಿಸಿದ ಕೆಲವು ಹೈಸ್ಕೂಲುಗಳಿಗೆ ಇಳಿಸಿ, ಅವುಗಳಿಗೆ ಕಾಲೀಜಿಯೆಟ್ ಹೈಸ್ಕೂಲುಗಳೆಂಬ ಹೆಸರನ್ನು ಕೊಟ್ಟರು. ಆ ವರ್ಷದ ಕೊನೆಯಲ್ಲಿ ಯೂನಿವರ್ಸಿಟಿ ಎಂಟ್ರೆನ್ಸ್ ಎಂಬ ಪರೀಕ್ಷೆ. ಹೀಗೆ ಹುಡುಗ ಶಾಲೆಯ ಬೆಂಚನ್ನು ಬಿಡದೆಯೇ ಹಿಂದೆ ಕಾಲೇಜಿಗೆ ಸೇರಿದ್ದ ಪಾಠದ ಒಂದು ಪಾಲನ್ನು ಮುಗಿಸುವಂತಾಯಿತು. ಕಾಲೇಜೇ ಶಾಲೆಗೆ ಬಂದಿತು ಎಂದರೆ ಅತಿಶಯೋಕ್ತಿಯಲ್ಲ.

ಈ ವ್ಯವಸ್ಥೆಯ ಬಿಸಿ ಎಂತಹದೆಂಬುದಕ್ಕೆ ಪ್ರಸಿದ್ಧ ಕಾದಂಬರಿಕಾರರಾದ ಆರ್. ಕೆ. ನಾರಾಯಣರೇ ಸಾಕ್ಷಿ. ಅವರ ತಂದೆಯವರು ಮೈಸೂರಿನ ಮಹಾರಾಜಾ ಕಾಲೀಜಿಯೆಟ್ ಹೈಸ್ಕೂಲಿನ ಮುಖ್ಯೋಪಾಧ್ಯಾಯರಾಗಿದ್ದರು; ಮಗನೂ ಅಲ್ಲಿಯೇ ಓದಿದರು. ಮುಖ್ಯೋಪಾಧ್ಯಾಯರ ಮಗನೆಂಬ ಕಾರಣಕ್ಕೆ ಎಂಟ್ರೆನ್ಸ್ ಪರೀಕ್ಷೆ ದಾಕ್ಷಿಣ್ಯ ತೋರಲಿಲ್ಲ. ಮೊದಲ ಸಲ ನಪಾಸಾಗಿ, ಒಂದು ವರ್ಷ ಮನೆಯಲ್ಲಿದ್ದು ಮನಸೋಕ್ತ ಓದಿಕೊಂಡು ಬರೆದುಕೊಂಡು, ಅನಂತರ ಉತ್ತೀರ್ಣರಾಗಿ ಮಹಾರಾಜಾ ಕಾಲೇಜನ್ನು ಸೇರಿದರು. ಆ ಬಿಡುವಿನ ವರ್ಷ ಸಾಹಿತ್ಯಕ್ಕೆ ಒದಗಿದ ಲಾಭವೆಂದು ಹೇಳುವವರುಂಟು. ಆದರೆ ತಂದೆಯ ಆಶ್ರಯವೂ ಮನೆಯ ತುಂಬ ಪುಸ್ತಕಗಳೂ ಇಲ್ಲದ ಹುಡುಗನಿಗೆ ಅಂತಹ ವರ್ಷದ ಅರ್ಥವೇ ಬೇರೆ.

ಮೈಸೂರಿನ ಪ್ರಯೋಗ ನಡೆಯುತ್ತಿರುವಾಗಲೇ, 1917ರಿಂದ 1919ರವರೆಗೆ ಸ್ಯಾಡ್ಲರ್ ಎಂಬವರ ಅಧ್ಯಕ್ಷತೆಯ ಕಲ್ಕತ್ತ ವಿಶ್ವವಿದ್ಯಾನಿಲಯದ ಆಯೋಗವು ಇದೇ ಗಂಟನ್ನು ಬಿಡಿಸಲು ಕುಳಿತಿದ್ದಿತು. ಇಂಟರ್ಮೀಡಿಯೆಟ್ ತರಗತಿಗಳು ವಿಶ್ವವಿದ್ಯಾನಿಲಯದ ಕೆಲಸವಲ್ಲ, ಅವು ಪ್ರತ್ಯೇಕ ಇಂಟರ್ಮೀಡಿಯೆಟ್ ಕಾಲೇಜುಗಳಲ್ಲಿಯೋ ಆರಿಸಿದ ಹೈಸ್ಕೂಲುಗಳಿಗೆ ಅಂಟಿಕೊಂಡೋ ನಡೆಯತಕ್ಕವು ಎಂಬುದು ಅದರ ಅಭಿಪ್ರಾಯ. ಮೈಸೂರು ತನ್ನ ಏರ್ಪಾಡನ್ನು ಹತ್ತು ವರ್ಷಕ್ಕಿಂತ ಹೆಚ್ಚಾಗಿ ಉಳಿಸಿಕೊಳ್ಳಲಿಲ್ಲ. 1927ರಲ್ಲಿ ಅಲ್ಲಿ ಇಂಟರ್ಮೀಡಿಯೆಟ್ ಕಾಲೇಜುಗಳು ತಲೆಯೆತ್ತಿದುವು. ಈಗ ಯುವರಾಜಾ ಕಾಲೇಜೆಂದು ಹೆಸರಾಗಿರುವುದು ಆಗ ಹುಟ್ಟಿದುದು. ಶಾಲೆಗೆ ಇಳಿದಿದ್ದ ಕಾಲೇಜು ಮತ್ತೆ ಶಾಲೆಯಿಂದ ಹೊರಗೆ ನಡೆಯಿತು.

ಮೊಗಲಾಯಿಯ ಕಥೆ ಬೇರೆಯದು. ಧಾರವಾಡ ವಿಜಾಪುರಗಳ ಕಡೆಯವರು ನಿಜಾಮರ ಸೀಮೆಯನ್ನು ಆ ಹೆಸರಿನಿಂದ ಕರೆಯುತ್ತಿದ್ದರು. 1887ರಲ್ಲಿ ಸ್ಥಾಪಿತವಾದ ಹೈದರಾಬಾದಿನ ನಿಜಾಮ ಕಾಲೇಜು ಮದರಾಸು ವಿಶ್ವವಿದ್ಯಾನಿಲಯಕ್ಕೆ ಸೇರಿದ್ದು, ಇಂಗ್ಲಿಷಿನಲ್ಲಿ ಪಾಠ ಹೇಳುತ್ತಿದ್ದಿತು. 1918ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾನಿಲಯ ಏರ್ಪಟ್ಟಾಗ ಉರ್ದುವೇ ಬೋಧನೆಯ ಭಾಷೆಯಾಯಿತು. ಪಠ್ಯಗ್ರಂಥಗಳಿಗಾಗಿ ಭಾಷಾಂತರದ ಇಲಾಖೆಯನ್ನೇ ಸ್ಥಾಪಿಸಿದರು. ದೇಶಭಾಷೆಯೊಂದು ಉಚ್ಚ ವಿದ್ಯೆಯ ಭಾರವನ್ನು ಹೊರಬಲ್ಲುದೆಂದು ತೋರಿಸಿಕೊಟ್ಟ ಧೈರ್ಯ ಮೆಚ್ಚತಕ್ಕುದೇ. ಆದರೆ ಜೇವರ್ಗಿ, ಆಳಂದ, ಅಫಜಲಪುರಗಳ ಹುಡುಗನ ಮನೆಯ ಮಾತು ಕನ್ನಡ. ಅವನು ಗಣಿತವನ್ನೂ ಚರಿತ್ರೆಯನ್ನೂ ಉರ್ದುವಿನಲ್ಲಿ ಕಲಿತು ಉಸ್ಮಾನಿಯಾದ ಮೆಟ್ರಿಕ್ಯುಲೇಷನ್ನಿಗೆ ಕುಳಿತುಕೊಳ್ಳಬೇಕು. ದೇಶಭಾಷೆಯೆಂಬ ಮಾತೇ ಅವನ ಪಾಲಿಗೆ ಪರಭಾಷೆಯಾಗಿ ಬಂದಿತು. ಔರಂಗಾಬಾದು, ವರಂಗಲ್ಲುಗಳಂತೆ ಕಲಬುರಗಿಗೂ ಉಸ್ಮಾನಿಯಾದ ಇಂಟರ್ಮೀಡಿಯೆಟ್ ಕಾಲೇಜು ದೊರೆತುದು ನಿಜ. ಅದರಿಂದ ಎರಡು ವರ್ಷಗಳ ಮಟ್ಟಿಗೆ ಕಾಲೇಜು ಜಿಲ್ಲೆಯೊಳಕ್ಕೆ ಬಂದಿತು. ಪದವಿಗೆ ಮಾತ್ರ ಹೈದರಾಬಾದೇ ಗತಿ. ಸ್ವಭಾಷೆಯ ಮೇಲಣ ಅಭಿಮಾನವನ್ನು ಇಂತಹ ಸ್ಥಿತಿಯಲ್ಲಿ ಕಾಪಾಡಿಕೊಂಡುದು ಖಾಸಗಿ ಪ್ರಯತ್ನಗಳಿಂದ. ಕಲಬುರಗಿಯಲ್ಲಿ 1907ರಲ್ಲಿ ಆರಂಭವಾದ ನೂತನ ವಿದ್ಯಾಲಯ ಅಂತಹ ಪ್ರಯತ್ನಗಳಲ್ಲಿ ಒಂದು. 1928ರಲ್ಲಿ ಬಿ. ಎಂ. ಶ್ರೀಕಂಠಯ್ಯನವರ ಅಧ್ಯಕ್ಷತೆಯಲ್ಲಿ ಸಾಹಿತ್ಯ ಸಮ್ಮೇಳನವು ಕಲಬುರಗಿಯಲ್ಲಿ ನೆರೆದುದು ಈ ಭಾಗದ ಕನ್ನಡಿಗರಿಗೆ ಸಣ್ಣ ಸಂಗತಿಯಾಗಿರಲಿಲ್ಲ.

1948ರ ಸೆಪ್ಟೆಂಬರಿನಲ್ಲಿ ಹೈದರಾಬಾದು ಸಂಸ್ಥಾನ ಭಾರತದಲ್ಲಿ ಸೇರಿತು. 1956ರ ನವೆಂಬರ್ 1ರಂದು ಕಲಬುರಗಿ ಜಿಲ್ಲೆ ವಿಶಾಲ ಮೈಸೂರಿಗೆ ಬಂದಿತು. ಅಂದಿನಿಂದ ಇಲ್ಲಿಯ ಕಾಲೇಜುಗಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾನಿಲಯದ ಕಡೆಗೆ ಮುಖ ಮಾಡಿದುವು. ಕಲಬುರಗಿಗೆ ತನ್ನದೇ ವಿಶ್ವವಿದ್ಯಾನಿಲಯ ದೊರೆಯಲು 1980ರವರೆಗೆ ಕಾಯಬೇಕಾಯಿತು. ಈ ನಡುವೆ ಶಾಲೆ ಕಾಲೇಜುಗಳ ಗಡಿಕಲ್ಲು ಮತ್ತೆ ಎರಡು ಸಲ ಸರಿಯಿತು. ಐವತ್ತರ ದಶಕದ ಉತ್ತರಾರ್ಧದಲ್ಲಿ ಇಂಟರ್ಮೀಡಿಯೆಟ್ ಹೋಗಿ ಒಂದು ವರ್ಷದ ಪಿ. ಯು. ಸಿ.ಯೂ ಮೂರು ವರ್ಷದ ಪದವಿಯೂ ಬಂದುವು. ಲೆಕ್ಕ 1916ರದೇ, ಒಂದು ಮತ್ತು ಮೂರು. ಆದರೆ ಆ ಒಂದು ವರ್ಷ ಈ ಸಲ ಕಾಲೇಜಿನ ಪಾಲಾಗಿದ್ದಿತು. ಕೊಠಾರಿ ಆಯೋಗವು 1966ರಲ್ಲಿ ತನ್ನ ವರದಿಯನ್ನು ಒಪ್ಪಿಸಿದ ಮೇಲೆ, ಎಪ್ಪತ್ತರ ದಶಕದ ಆರಂಭದಲ್ಲಿ ಪಿ. ಯು. ಸಿ. ಎರಡು ವರ್ಷದ್ದಾಗಿ ವಿಶ್ವವಿದ್ಯಾನಿಲಯದ ಕೈಯಿಂದ ಜಾರಿತು. ಆಗ ನಡೆದ ಒಂದು ಕೆಲಸಕ್ಕೆ ಸಲ್ಲಬೇಕಾದಷ್ಟು ಗಮನ ಸಂದಿಲ್ಲ. ಅನೇಕ ಸರಕಾರಿ ಹೈಸ್ಕೂಲುಗಳ ಆವರಣದಲ್ಲಿಯೇ ಪಿ. ಯು. ತರಗತಿಗಳನ್ನು ತೆರೆದು, ಇಡೀ ಸಂಸ್ಥೆಗೆ ಪದವಿಪೂರ್ವ ಕಾಲೇಜೆಂಬ ಹೆಸರನ್ನಿಟ್ಟರು. ಈಗಲೂ ನಾಡಿನ ಹಲವು ಊರುಗಳಲ್ಲಿ ‘ಸರಕಾರಿ ಪದವಿಪೂರ್ವ ಕಾಲೇಜು, ಪ್ರೌಢಶಾಲಾ ವಿಭಾಗ’ ಎಂಬ ಫಲಕವನ್ನು ಕಾಣಬಹುದು. ಎಂಟನೆಯ ತರಗತಿಯ ಮಗು ಕಾಲೇಜಿನ ಬಾಗಿಲಿನಿಂದ ಒಳಕ್ಕೆ ಹೋಗುವುದು ನಗರದವರಿಗೆ ವಿನೋದವಾಗಿ ತೋರಬಹುದು. ಹಳ್ಳಿಯ ತಂದೆತಾಯಿಗಳಿಗೆ, ಅದರಲ್ಲಿಯೂ ಹೆಣ್ಣುಮಕ್ಕಳನ್ನು ಓದಿಸುವವರಿಗೆ, ಅದು ದೊಡ್ಡ ಅನುಕೂಲ. ಹತ್ತನೆಯ ತರಗತಿ ಮುಗಿದ ಮಗಳನ್ನು ಬಸ್ಸಿನಲ್ಲಿ ಪಟ್ಟಣಕ್ಕೆ ಕಳುಹಿಸುವುದು ಬೇರೆ, ಅದೇ ಗೇಟಿನೊಳಗೆ ಇನ್ನೆರಡು ವರ್ಷ ಓದಲು ಬಿಡುವುದು ಬೇರೆ.

ಡಾ. ಡಿ. ಎಂ. ನಂಜುಂಡಪ್ಪನವರ ಸಮಿತಿಯು 2002ರಲ್ಲಿ ಸಲ್ಲಿಸಿದ ವರದಿಯಲ್ಲಿ ಜೇವರ್ಗಿ, ಆಳಂದ, ಅಫಜಲಪುರ ಮೂರೂ ತಾಲೂಕುಗಳು ನಾಡಿನ ಅತ್ಯಂತ ಹಿಂದುಳಿದ 39 ತಾಲೂಕುಗಳ ಪಟ್ಟಿಯಲ್ಲಿ ಸೇರಿದ್ದುವು. ಸಂವಿಧಾನದ 371ಜೆ ವಿಧಿಯಿಂದ ಈ ಪ್ರದೇಶದ ಕಾಲೇಜುಗಳಲ್ಲಿ ಸ್ಥಳೀಯರಿಗೆ ಮೀಸಲಾತಿ ದೊರೆತಿದೆ. ಆದರೆ ಮೀಸಲಾದ ಸ್ಥಾನವು ಕಾಲೇಜಿನ ಬಾಗಿಲವರೆಗೆ ಬಂದವನಿಗೆ ಮಾತ್ರ ಉಪಯೋಗಕ್ಕೆ ಬರುವಂತಹುದು. ಹತ್ತರಲ್ಲಿಯೇ ನಿಂತವನಿಗೆ ಅದು ಎಟುಕುವುದಿಲ್ಲ.

2022ರಲ್ಲಿ ಎಸ್. ಎಸ್. ಎಲ್. ಸಿ. ಮತ್ತು ಪಿ. ಯು. ಪರೀಕ್ಷೆಗಳು ಒಂದೇ ಮಂಡಲಿಯ ಕೈಗೆ ಬಂದುವು. ಒಂದು ಕಾಲಕ್ಕೆ ಕಾಲೇಜಿನ ಹೆಮ್ಮೆಯಾಗಿದ್ದ ಇಂಟರ್ಮೀಡಿಯೆಟ್ಟಿನ ಆ ಎರಡು ವರ್ಷಗಳು ಇದರಿಂದ ಶಾಲೆಯ ಲೆಕ್ಕಕ್ಕೆ ಸಂಪೂರ್ಣವಾಗಿ ಮರಳಿದಂತಾಯಿತು. ಮರುವರ್ಷ, 2023ರಲ್ಲಿ, ಭಾರತ ಸರಕಾರದ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟು ಹೊರಬಿದ್ದಿತು. ವರ್ಷಕ್ಕೆ 1200 ಗಂಟೆಗಳ ಕಲಿಕೆಗೆ 40 ಕ್ರೆಡಿಟ್ಟುಗಳೆಂದು ಅದು ಎಣಿಸುತ್ತದೆ. ಹತ್ತನೆಯ ತರಗತಿಯನ್ನು ಮೂರನೆಯ ಮಟ್ಟದಲ್ಲಿಯೂ ಹನ್ನೆರಡನೆಯದನ್ನು ನಾಲ್ಕನೆಯ ಮಟ್ಟದಲ್ಲಿಯೂ ಪದವಿಯ ಮೊದಲ ವರ್ಷವನ್ನು ನಾಲ್ಕೂವರೆಯಲ್ಲಿಯೂ ಇಡುತ್ತದೆ. ಶಾಲೆಯ ಹಾಗೂ ಕಾಲೇಜಿನ ಕಲಿಕೆಗಳನ್ನು ಒಂದೇ ಅಳತೆಗೋಲಿನಿಂದ ಅಳೆಯುವ ಮಾತು ಹೀಗೆ ಕಾಗದದ ಮೇಲೆ ಬಂದಿದೆ. ಆದರೆ ಹೈಸ್ಕೂಲಿನ ವಿದ್ಯಾರ್ಥಿಯು ತನ್ನ ಶಾಲೆಯಲ್ಲಿ ಕುಳಿತು ಕಾಲೇಜಿನ ಒಂದು ಪಾಠವನ್ನು ಮುಗಿಸಿ, ಅದನ್ನು ಮುಂದಿನ ಪದವಿಗೆ ಸೇರಿಸಿಕೊಳ್ಳುವ ರೂಢಿ ಕರ್ನಾಟಕದ ಸರಕಾರಿ ಶಾಲೆಗಳಲ್ಲಿ ಇನ್ನೂ ನೆಲೆಗೊಂಡಿಲ್ಲ. ಅದು ಬರುವ ದಿನ ಕನೆಕ್ಟಿಕಟ್ಟಿನ ಬಗೆಯಾಗಿ ಬಂದರೆ ನೆಲೋಗಿಯ ಸೀಮೆಯವರಿಗೂ ಪಾಲು ಸಿಕ್ಕೀತು. ಮಿನೆಸೋಟದ ಬಗೆಯಾಗಿ ಬಂದರೆ ಭೀಮೆಯನ್ನು ದಾಟುವ ಬಸ್ಸಿನ ವೇಳೆಯನ್ನು ಮೊದಲು ಕೇಳಬೇಕಾದೀತು.