ಸೊಸೈಟಿ ರೊಕ್ಕ ಮಾಯವಾದರೆ ಲೆಕ್ಕ ಕೇಳುವವರು ಯಾರು? 64ನೇ ಕಲಂ ವಿಚಾರಣಾಧಿಕಾರಿಯ ಕೆಲಸ ಹೀಗಿರುತ್ತದೆ

ಕುಕನೂರು: ಸೊಸೈಟಿಯಲ್ಲಿ ರೊಕ್ಕ ಕಮ್ಮಿ ಬಂದೈತಿ ಅಂತ ಸುದ್ದಿ ಹಬ್ಬಿದ ದಿನ ಜನ ಮೊದಲು ಓಡೋದು ಪೊಲೀಸ್ ಠಾಣೆಗೆ. ಕೇಸ್ ದಾಖಲಾಯ್ತು, ಕಾರ್ಯದರ್ಶಿಯನ್ನು ಕರೆದುಕೊಂಡು ಹೋದರು ಅಂದರೆ ಅರ್ಧ ಊರು ಸಮಾಧಾನವಾಗುತ್ತದೆ. ಆದರೆ ಹೋದ ರೊಕ್ಕ ಎಷ್ಟು, ಯಾರ ಕೈಯಿಂದ ಹೋಯ್ತು, ಯಾರಿಂದ ಎಷ್ಟು ವಸೂಲಿ ಮಾಡಬೇಕು ಅನ್ನೋ ಲೆಕ್ಕ ಬೇರೆ ದಾರಿಯಲ್ಲಿ ನಡೆಯುತ್ತದೆ. ಆ ಲೆಕ್ಕ ಹಾಕುವವರು ಸಹಕಾರ ಇಲಾಖೆ ನೇಮಿಸುವ ವಿಚಾರಣಾಧಿಕಾರಿ. ಇವರಿಗೆ ಲಾಠಿ ಇಲ್ಲ, ಬಂಧಿಸುವ ಅಧಿಕಾರ ಇಲ್ಲ. ಆದರೂ ಠೇವಣಿದಾರನ ರೊಕ್ಕ ವಾಪಸ್ ಬರೋದು, ಬಾರದೇ ಇರೋದು ಬಹುಪಾಲು ಇವರ ವರದಿ ಮೇಲೆ ನಿಂತಿರುತ್ತದೆ.

ಕುಕನೂರು ತಾಲೂಕಿನ ಮಂಗಳೂರಿನಂಥ ಊರುಗಳಲ್ಲಿ (ಕಡಲ ತೀರದ ಮಂಗಳೂರು ಅಲ್ಲ, ಕೊಪ್ಪಳ ಜಿಲ್ಲೆಯದು) ರೈತರ ಬೆಳೆಸಾಲ, ಗೊಬ್ಬರ, ಬೀಜ ಎಲ್ಲಾ ಸೊಸೈಟಿ ಮೂಲಕವೇ. ಪೇಟೆ ಊರುಗಳಾದ ಗಂಗಾವತಿ, ಕುಷ್ಟಗಿ, ಯಲಬುರ್ಗಾದಲ್ಲಿ ಪತ್ತಿನ ಸಂಘಗಳ ಪಿಗ್ಮಿ ಏಜೆಂಟ್ ಸಂಜೆಯಾದರೆ ಅಂಗಡಿ ಮುಂದೆ ನಿಂತಿರುತ್ತಾರೆ. ಇಲ್ಲಿ ಬರೆದಿರೋದು ಯಾವುದೇ ಒಂದು ಸಂಘದ ಬಗ್ಗೆ ಅಲ್ಲ. ಇಂಥ ತನಿಖೆ ಹೇಗೆ ನಡೆಯುತ್ತದೆ ಅನ್ನೋದರ ಬಗ್ಗೆ.

ಸಹಕಾರಕ್ಕೂ ಸರ್ಕಾರಿ ಲೆಕ್ಕ ತಪಾಸಣೆಗೂ ಹುಟ್ಟಿನಿಂದಲೇ ನಂಟು. ಪಕ್ಕದ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ಕಟ್ಟಿದ ಸಂಘ ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಅಂತ ಹೆಸರಾಗಿದೆ. ಅದಕ್ಕೆ ಆಧಾರವಾದ 1904ರ ಕಾಯ್ದೆಯಲ್ಲೇ ವರ್ಷಕ್ಕೊಮ್ಮೆ ಲೆಕ್ಕ ತಪಾಸಣೆ ಆಗಬೇಕು ಅಂತ ಇತ್ತು. ಈಗ ನಡೆಯುತ್ತಿರೋದು ಕರ್ನಾಟಕ ಸಹಕಾರ ಸಂಘಗಳ ಕಾಯ್ದೆ, 1959.

ಆಡಿಟ್ ಬೇರೆ, ವಿಚಾರಣೆ ಬೇರೆ

ಈ ಕಾಯ್ದೆಯ 63ನೇ ಕಲಂ ವಾರ್ಷಿಕ ಆಡಿಟ್ ಬಗ್ಗೆ ಹೇಳುತ್ತದೆ. 64ನೇ ಕಲಂ ವಿಚಾರಣೆ ಬಗ್ಗೆ. ಸಹಕಾರ ಸಂಘಗಳ ನಿಬಂಧಕರು ತಾವಾಗಿಯೇ ವಿಚಾರಣೆಗೆ ಆದೇಶ ಮಾಡಬಹುದು. ಆಡಳಿತ ಮಂಡಳಿಯ ಬಹುಮತದ ಸದಸ್ಯರು, ಇಲ್ಲವೇ ಸಂಘದ ಮೂರನೇ ಒಂದು ಭಾಗದಷ್ಟು ಸದಸ್ಯರು ಅರ್ಜಿ ಕೊಟ್ಟರೂ ನಡೆಸಬಹುದು. ಹಾಗಾಗಿ ನಾಲ್ಕು ಮಂದಿ ಸೇರಿ ಕೊಟ್ಟ ಅರ್ಜಿಗೆ ತಾನಾಗಿ ವಿಚಾರಣೆ ಆಗಲೇಬೇಕು ಅಂತಿಲ್ಲ. ಆದರೆ ಅರ್ಜಿ ಜೊತೆ ಪಾಸ್‌ಬುಕ್, ರಸೀದಿ ಜೆರಾಕ್ಸ್ ಇದ್ದರೆ ನಿಬಂಧಕರು ಸ್ವಯಂಪ್ರೇರಿತವಾಗಿ ಕೈಗೆತ್ತಿಕೊಳ್ಳಲು ಕಾರಣ ಸಿಗುತ್ತದೆ. ಬರೀ ಬಾಯಿಮಾತಿನ ದೂರು ಕಡತದಲ್ಲೇ ಮಲಗುತ್ತದೆ.

ಆದೇಶ ಬಂದ ಮೇಲೆ ವಿಚಾರಣಾಧಿಕಾರಿ ಸಂಘದ ಪುಸ್ತಕ, ವೋಚರ್, ನಗದು, ಅಡವಿಟ್ಟ ಬಂಗಾರ, ಗೋದಾಮಿನ ಸರಕು ಎಲ್ಲವನ್ನೂ ನೋಡಬಹುದು. ಸಂಬಂಧಪಟ್ಟವರನ್ನು ಕರೆಸಿ ಪ್ರಮಾಣ ಮಾಡಿಸಿ ಹೇಳಿಕೆ ಪಡೆಯಬಹುದು. ಈ ಕೆಲಸಕ್ಕೆ ಸಾಮಾನ್ಯವಾಗಿ ಬರುವವರು ಇಲಾಖೆಯ ಸಹಕಾರ ಅಭಿವೃದ್ಧಿ ಅಧಿಕಾರಿಗಳು, ನಿರೀಕ್ಷಕರು. ಕೆಪಿಎಸ್‌ಸಿ ಪರೀಕ್ಷೆ ಬರೆದು ಬಂದವರು. ವಿಚಾರಣೆ ಒಂದೇ ಇವರ ಕೆಲಸವಲ್ಲ. ಸಂಘಗಳ ಚುನಾವಣೆ, ಸಾಲಮನ್ನಾ ಪಟ್ಟಿ, ಇಲಾಖೆ ಮೀಟಿಂಗ್ ಎಲ್ಲದರ ನಡುವೆ ಇದೂ ಒಂದು. ವಿಚಾರಣೆ ಎಳೆಯೋದಕ್ಕೆ ಇದೂ ಒಂದು ಕಾರಣ.

ಕಳ್ಳತನ ಸಿಗೋದು ಎಲ್ಲಿ?

ಅನುಭವ ಇರುವ ಅಧಿಕಾರಿ ಸಂಘಕ್ಕೆ ಹೋದ ತಕ್ಷಣ ಮಾಡೋ ಕೆಲಸ ರೋಖು ಶಿಲ್ಕು ಎಣಿಸೋದು. ಕಿರ್ದಿ ಪುಸ್ತಕದಲ್ಲಿ ಹಿಂದಿನ ದಿನ ಉಳಿದ ನಗದು ಎಷ್ಟಿದೆಯೋ ಅಷ್ಟು ತಿಜೋರಿಯಲ್ಲಿ ಇರಬೇಕು. ಮೊದಲೇ ತಿಳಿಸಿ ಹೋದರೆ ಯಾರಾದರೂ ಸಾಹುಕಾರನ ಹತ್ತಿರ ಒಂದು ದಿನಕ್ಕೆ ರೊಕ್ಕ ತಂದು ಇಟ್ಟಿರುತ್ತಾರೆ. ಅದಕ್ಕೇ ಹೇಳದೇ ಹೋಗಬೇಕು.

ಆಮೇಲೆ ಪಿಗ್ಮಿ. ಈ ಪದ್ಧತಿ ಶುರುವಾದದ್ದು 1928ರಲ್ಲಿ, ಉಡುಪಿಯ ಸಿಂಡಿಕೇಟ್ ಬ್ಯಾಂಕಿನಿಂದ, ದಿನಕ್ಕೆ ಎರಡಾಣೆ ಲೆಕ್ಕದಲ್ಲಿ. ಇದರ ಜೀವಾಳ ನಂಬಿಕೆ, ಮೋಸದ ದಾರಿಯೂ ಅದೇ. ಅಂಗಡಿಯವರು ದಿನಕ್ಕೆ 200 ರೂಪಾಯಿ ಕೊಡುತ್ತಾರೆ, ಕಾರ್ಡಿನಲ್ಲಿ 200 ಅಂತಲೇ ಬೀಳುತ್ತದೆ, ಸಂಘದ ಖಾತೆಯಲ್ಲಿ ಮಾತ್ರ 150 ಜಮಾ ಆಗುತ್ತದೆ ಅಂತಿಟ್ಟುಕೊಳ್ಳಿ. ದಿನಕ್ಕೆ 50 ರೂಪಾಯಿ ಏನು ಮಹಾ ಅನಿಸಬಹುದು. 300 ದಿನಕ್ಕೆ ಒಂದು ಅಂಗಡಿಯಿಂದ 15 ಸಾವಿರ. ಅಂಥ 40 ಅಂಗಡಿ ಇದ್ದರೆ 6 ಲಕ್ಷ. ಸಂಘದ ಪುಸ್ತಕ ಎಷ್ಟು ಸಲ ತಿರುವಿ ಹಾಕಿದರೂ ಇದು ಕಾಣೋದಿಲ್ಲ, ಯಾಕಂದರೆ ಪುಸ್ತಕ ಪುಸ್ತಕಕ್ಕೆ ತಾಳೆ ಆಗಿಯೇ ಇರುತ್ತದೆ. ಅಧಿಕಾರಿ ಅಂಗಡಿ ಅಂಗಡಿಗೆ ಹೋಗಿ ಕಾರ್ಡ್ ಇಸಕೊಂಡು ಖಾತೆ ಜೊತೆ ಹಿಡಿದು ನೋಡಿದಾಗಲೇ ಬಯಲಾಗೋದು. ವ್ಯಾಪಾರದ ಹೊತ್ತಿನಲ್ಲಿ ಬಂದರು ಅಂತ ಅಂಗಡಿಯವರೇ ‘ನಾಳೆ ಬರ್ರಿ’ ಅಂತ ಕಳಿಸಿಬಿಟ್ಟರೆ ನಷ್ಟ ಯಾರಿಗೆ?

ಠೇವಣಿ ಬಾಂಡ್‌ನದು ಇನ್ನೂ ಸುಲಭದ ಮೋಸ. ರಸೀದಿ ಪುಸ್ತಕ ಎರಡು ಇರುತ್ತವೆ. ಒಂದರ ರಸೀದಿ ಲೆಕ್ಕಕ್ಕೆ ಹೋಗುತ್ತದೆ, ಇನ್ನೊಂದರದ್ದು ಹೋಗೋದಿಲ್ಲ. ಅದಕ್ಕೆ ಪ್ರೆಸ್ಸಿನಲ್ಲಿ ಎಷ್ಟು ಪುಸ್ತಕ ಮುದ್ರಣವಾದವು, ಬಿಲ್ ಎಷ್ಟಕ್ಕೆ ಆಗಿದೆ, ಸೀರಿಯಲ್ ನಂಬರ್ ಎಲ್ಲಿಂದ ಎಲ್ಲಿಗೆ ಅಂತ ಹುಡುಕಬೇಕಾಗುತ್ತದೆ. ಸಾಲದ ಕಡೆ ಬಂದರೆ ಬೇನಾಮಿ ಹೆಸರು, ಸತ್ತವರ ಹೆಬ್ಬೆಟ್ಟು, ಬಂಗಾರದ ಹೆಸರಲ್ಲಿ ಹಿತ್ತಾಳೆ. ಬೆಳೆಸಾಲದಲ್ಲಿ ಹಳೇ ಸಾಲ ಕಟ್ಟಿದಂತೆ ಮಾಡಿ ಅದೇ ದಿನ ಹೊಸ ಸಾಲ ತೋರಿಸೋದು. ಒಂದೇ ತಾರೀಖಿನಲ್ಲಿ ಜಮಾ ಮತ್ತು ಖರ್ಚು ಒಂದೇ ಮೊತ್ತಕ್ಕೆ ಸಾಲಾಗಿ ಬಿದ್ದಿದ್ದರೆ ಅಲ್ಲಿ ನಿಜವಾಗಿ ರೊಕ್ಕ ಓಡಾಡಿಲ್ಲ ಅಂತ ಅನುಮಾನ ಬರಲೇಬೇಕು. ಇಂಥ ಸಾಲಕ್ಕೆ ಠರಾವು ಯಾರು ಮಾಡಿದರು ಅಂತ ನಡಾವಳಿ ಪುಸ್ತಕ ನೋಡುತ್ತಾರೆ. ‘ನಾನು ಬರೀ ಸಹಿ ಹಾಕೀನಿ, ಓದಿಲ್ಲ’ ಅನ್ನೋ ನಿರ್ದೇಶಕರ ಮಾತು ವಿಚಾರಣೆಯಲ್ಲಿ ಬಹಳ ದೂರ ನಡೆಯೋದಿಲ್ಲ. ಕಾಯ್ದೆ ತಿಂದವರನ್ನಷ್ಟೇ ಅಲ್ಲ, ಘೋರ ನಿರ್ಲಕ್ಷ್ಯ ಮಾಡಿದವರನ್ನೂ ಹೊಣೆ ಮಾಡುತ್ತದೆ.

ವರದಿ ಆದ ಮೇಲೆ

64ರ ವರದಿಯಿಂದಲೇ ರೊಕ್ಕ ಬಂದುಬಿಡೋದಿಲ್ಲ. ತಪ್ಪು ಸರಿಪಡಿಸಲು 68ನೇ ಕಲಂ ಅಡಿ ಸೂಚನೆ ಹೋಗುತ್ತದೆ. ನಷ್ಟ ತುಂಬಿಸಿಕೊಳ್ಳಲು 69ನೇ ಕಲಂ ಅಡಿ ಬೇರೆ ಪ್ರಕ್ರಿಯೆ ನಡೆಯಬೇಕು, ಇದಕ್ಕೆ ಸರ್ಚಾರ್ಜ್ ಅಂತಾರೆ. ಪ್ರತಿಯೊಬ್ಬರಿಗೂ ನೋಟಿಸ್ ಕೊಟ್ಟು, ಅವರ ಮಾತು ಕೇಳಿ, ಇವರಿಂದ ಇಷ್ಟು, ಬಡ್ಡಿ ಸಮೇತ ಅಂತ ಆದೇಶ ಆಗಬೇಕು. ‘ಎಲ್ಲಾ ನಿರ್ದೇಶಕರು ಸೇರಿ ಒಟ್ಟು ಇಷ್ಟು ತಿಂದಿದ್ದಾರೆ’ ಅಂತ ಗುಂಪಾಗಿ ಬರೆದ ವರದಿ ಮೇಲ್ಮನವಿಯಲ್ಲಿ ನಿಲ್ಲೋದು ಕಷ್ಟ. ಯಾವ ತಾರೀಖು, ಯಾವ ವೋಚರ್, ಯಾರ ಸಹಿ ಅಂತ ಬಿಡಿಸಿ ಬರೆದಿರಬೇಕು. ಒಳ್ಳೇ ಅಧಿಕಾರಿ, ಕಾಟಾಚಾರದ ಅಧಿಕಾರಿ ಇಬ್ಬರ ನಡುವಿನ ವ್ಯತ್ಯಾಸ ಗೊತ್ತಾಗೋದು ಇಲ್ಲೇ.

ಇನ್ನೊಂದು ಓಟ ಸಮಯದ್ದು. ವಿಚಾರಣೆ ಸುದ್ದಿ ಸಿಕ್ಕ ಕೂಡಲೇ ಹೊಲ, ಮನೆ, ಪ್ಲಾಟು ಹೆಂಡತಿ ಹೆಸರಿಗೋ ಅಳಿಯನ ಹೆಸರಿಗೋ ಹೋಗಿಬಿಡುತ್ತವೆ. ಅಂತಿಮ ಆದೇಶಕ್ಕೂ ಮುಂಚೆಯೇ ಆಸ್ತಿ ಜಪ್ತಿ ಮಾಡಿಸಲು ಕಾಯ್ದೆಯಲ್ಲಿ ಅವಕಾಶ ಇದೆ. ಅದನ್ನು ಬಳಸದೇ ಕೂತರೆ ಕೊನೆಗೆ ಕೈಯಲ್ಲಿ ಆದೇಶದ ಪ್ರತಿ ಮಾತ್ರ ಉಳಿಯುತ್ತದೆ. ಪೊಲೀಸ್ ಕೇಸು ಇದಕ್ಕೆ ಅಡ್ಡ ಬರೋದಿಲ್ಲ. ಭಾರತೀಯ ನ್ಯಾಯ ಸಂಹಿತೆಯ 316ನೇ ಕಲಂ ಅಡಿ ನಂಬಿಕೆ ದ್ರೋಹದ ಕೇಸು ಒಂದು ಕಡೆ, ವಸೂಲಿ ಇನ್ನೊಂದು ಕಡೆ, ಎರಡೂ ಜೊತೆಗೇ ನಡೆಯಬಹುದು.

ಎಲ್ಲಿಗೆ ಹೋಗಬೇಕು?

ಬೋರ್ಡ್ ಮೇಲೆ ಏನು ಬರೆದಿದೆ ಅಂತ ಮೊದಲು ನೋಡಿ. 1959ರ ಕಾಯ್ದೆಯ ಸಂಘವಾದರೆ ಸಹಾಯಕ ನಿಬಂಧಕರ ಕಚೇರಿ, ಜಿಲ್ಲಾ ಮಟ್ಟದಲ್ಲಿ ಉಪ ನಿಬಂಧಕರು. ‘ಸೌಹಾರ್ದ’ ಅಂತ ಇದ್ದರೆ ಅದು 1997ರ ಬೇರೆ ಕಾಯ್ದೆ. ‘ಮಲ್ಟಿ ಸ್ಟೇಟ್’ ಅಂತಿದ್ದರೆ 2002ರ ಕೇಂದ್ರ ಕಾಯ್ದೆ, ಅದರ ನಿಬಂಧಕರು ಇರೋದು ದೆಹಲಿಯಲ್ಲಿ. ಸಹಕಾರ ಸಂಘವೇ ಅಲ್ಲದ, ಹೆಚ್ಚು ಬಡ್ಡಿ ಆಸೆ ತೋರಿಸಿದ ಕಂಪನಿಯಾದರೆ ರಾಜ್ಯದ 2004ರ ಠೇವಣಿದಾರರ ಹಿತರಕ್ಷಣಾ ಕಾಯ್ದೆ ಇದೆ. 2019ರಲ್ಲಿ ಬೆಂಗಳೂರಿನ ಐಎಂಎ ಮುಳುಗಿದಾಗ ಆಸ್ತಿ ಜಪ್ತಿಗೆ, ಕ್ಲೇಮ್ ಪಡೆಯೋದಕ್ಕೆ ಸಕ್ಷಮ ಪ್ರಾಧಿಕಾರ ನೇಮಕವಾದದ್ದು ಇದರ ಅಡಿಯಲ್ಲೇ.

5 ಲಕ್ಷದ ವಿಮೆ ವಿಷಯದಲ್ಲಿ ಬಹಳ ಮಂದಿಗೆ ತಪ್ಪು ತಿಳಿವಳಿಕೆ ಇದೆ. 2020ರ ಫೆಬ್ರವರಿ 4ರಿಂದ 5 ಲಕ್ಷಕ್ಕೆ ಏರಿದ ಠೇವಣಿ ವಿಮೆ ಇರೋದು ಬ್ಯಾಂಕುಗಳಿಗೆ, ಸಹಕಾರಿ ಬ್ಯಾಂಕ್ ಕೂಡ ಸೇರಿ. ಹಳ್ಳಿಯ ವ್ಯವಸಾಯ ಸೇವಾ ಸಹಕಾರಿ ಸಂಘಕ್ಕೆ, ಪತ್ತಿನ ಸೊಸೈಟಿಗೆ ಈ ವಿಮೆ ಇಲ್ಲ. ‘ನಮ್ಮದೂ ಬ್ಯಾಂಕ್ ಇದ್ದಂಗೆ’ ಅಂತ ಏಜೆಂಟ್ ಹೇಳಿದರೆ ರಿಸರ್ವ್ ಬ್ಯಾಂಕ್ ಲೈಸೆನ್ಸ್ ತೋರಿಸು ಅಂತ ಕೇಳಬಹುದು.

ಮಾಹಿತಿ ಹಕ್ಕಿನ ಅರ್ಜಿಯನ್ನು ನೇರ ಸೊಸೈಟಿಗೆ ಹಾಕಿ ವಾಪಸ್ ಬಂತು ಅನ್ನುವವರೂ ಇದ್ದಾರೆ. ಸಹಕಾರ ಸಂಘ ಸಾಮಾನ್ಯವಾಗಿ ಸಾರ್ವಜನಿಕ ಪ್ರಾಧಿಕಾರ ಅಲ್ಲ ಅಂತ ಸುಪ್ರೀಂ ಕೋರ್ಟ್ 2013ರಲ್ಲಿ ಕೇರಳದ ತಲಪ್ಪಲಂ ಪ್ರಕರಣದಲ್ಲಿ ಹೇಳಿದೆ. ಆದರೆ ನಿಬಂಧಕರ ಕಚೇರಿ ಸರ್ಕಾರಿ ಕಚೇರಿ. ವಿಚಾರಣಾ ವರದಿ, ಆಡಿಟ್ ವರದಿ ಪ್ರತಿಗೆ ಅರ್ಜಿ ಅಲ್ಲಿಗೆ ಹಾಕಬೇಕು. ಅವಧಿ ಮುಗಿದ ಠೇವಣಿ ಕೊಡದಿದ್ದರೆ 70ನೇ ಕಲಂ ಅಡಿ ನಿಬಂಧಕರ ಮುಂದೆ ದಾವೆ ಹೂಡಬಹುದು. ಗ್ರಾಹಕರ ಆಯೋಗದ ಬಾಗಿಲೂ ಮುಚ್ಚಿಲ್ಲ ಅಂತ ಸುಪ್ರೀಂ ಕೋರ್ಟ್ 2003ರಲ್ಲೇ ತೀರ್ಪು ಕೊಟ್ಟಿದೆ.

ಪಿಗ್ಮಿ ಮಷಿನ್ನಿನ ಚೀಟಿ ಬಗ್ಗೆ ಒಂದು ಮಾತು. ಅದು ಶಾಖಕ್ಕೆ ಅಕ್ಷರ ಮೂಡೋ ಕಾಗದ. ಗಲ್ಲಾಪೆಟ್ಟಿಗೆಯಲ್ಲಿ ಇಟ್ಟರೆ ಕೆಲವು ತಿಂಗಳಲ್ಲಿ ಬೆಳ್ಳಗಾಗುತ್ತದೆ, ವಿಚಾರಣಾಧಿಕಾರಿ ಬರೋ ಹೊತ್ತಿಗೆ ಅದರಲ್ಲಿ ಏನೂ ಉಳಿದಿರೋದಿಲ್ಲ. ವಾರಕ್ಕೊಮ್ಮೆ ಮೊಬೈಲಿನಲ್ಲಿ ಫೋಟೋ ಹೊಡೆದು ಇಟ್ಟುಕೊಂಡರೆ, ತಿಂಗಳಿಗೊಮ್ಮೆ ಏಜೆಂಟ್ ಕೈಗೆ ಕೊಡದೇ ತಾವೇ ಕಚೇರಿಗೆ ಹೋಗಿ ಖಾತೆಯ ಶಿಲ್ಕು ಬರೆಸಿಕೊಂಡು ಬಂದರೆ, ಆ ಎರಡೂ ಮುಂದೆ ದಾಖಲೆಯಾಗಿ ನಡೆಯುತ್ತವೆ.