ಸೀರೆಯ ಬಾವುಟ: ಕಮಲಾದೇವಿಯವರ 1929ರ ಯುರೋಪು ಪ್ರವಾಸ

ಬೇಸಿಗೆಯ ರಜೆ ಸಮೀಪಿಸಿತೆಂದರೆ ದಾದರಿನಲ್ಲಿ ಪ್ರವಾಸ ಕಂಪನಿಗಳ ಫಲಕಗಳಿಗೆ ಬರವಿಲ್ಲ. ಹನ್ನೆರಡು ದಿನ, ಏಳು ದೇಶ. ಊಟಕ್ಕೆ ನಮ್ಮದೇ ಅಡಿಗೆ, ಬೇಕಾದವರಿಗೆ ಬೆಳ್ಳುಳ್ಳಿ ಇಲ್ಲದ್ದು. ನಮ್ಮ ನಮ್ಮ ಮನೆಗಳ ಹುಡುಗ ಹುಡುಗಿಯರಲ್ಲಿ ಪ್ಯಾರಿಸು, ರೋಮು, ಬರ್ಲಿನ್ನು ನೋಡಿ ಬಂದವರು ಈಗ ಒಬ್ಬಿಬ್ಬರಲ್ಲ. ಸಂತೋಷದ ಮಾತೇ. ಆದರೆ ಹಡಗಿನಲ್ಲಿಯೇ ಹೋಗಿ ಹಡಗಿನಲ್ಲಿಯೇ ಮರಳಬೇಕಾಗಿದ್ದ ಕಾಲದಲ್ಲಿ, ಇದೇ ಬೇಸಿಗೆಯ ತಿಂಗಳುಗಳಲ್ಲಿ, ನಮ್ಮ ಕರಾವಳಿಯ ಇಪ್ಪತ್ತಾರು ವರ್ಷದ ಹೆಣ್ಣುಮಗಳೊಬ್ಬಳು ಯುರೋಪಿನ ನಗರಗಳನ್ನು ಸುತ್ತಿದಳು. ಆಕೆ ಅಲ್ಲಿ ನೋಡಿದ್ದಕ್ಕಿಂತ ಮಾಡಿದ್ದು ಹೆಚ್ಚು. ಆ ಪ್ರವಾಸದ ಕಥೆಯನ್ನು ನಮ್ಮವರು ನೆನೆಯುವುದು ಕಡಿಮೆ. ನೆನೆದವರೂ ಒಂದು ಪ್ರಸಂಗವನ್ನಷ್ಟೇ ಹೇಳಿ ನಿಲ್ಲಿಸುತ್ತಾರೆ.

ಆಕೆ ಕಮಲಾದೇವಿ ಚಟ್ಟೋಪಾಧ್ಯಾಯ. ಹೆಸರು ಕೇಳಿ ಬಂಗಾಳದವರೆಂದುಕೊಂಡವರು ಮುಂಬಯಿಯಲ್ಲಿ ಬಹಳ ಜನ. ಹುಟ್ಟಿದ್ದು ಮಂಗಳೂರಿನಲ್ಲಿ, 1903ರ ಏಪ್ರಿಲ್ 3ರಂದು, ಧಾರೇಶ್ವರ ಮನೆತನದ ಸಾರಸ್ವತ ಕುಟುಂಬದಲ್ಲಿ. ತಾಯಿ ಗಿರಿಜಾಬಾಯಿ. ಬಾಲ್ಯದಲ್ಲಿ ಮದುವೆ, ಎರಡೇ ವರ್ಷದಲ್ಲಿ ವೈಧವ್ಯ. ಆ ಕಾಲದ ಲೆಕ್ಕದಲ್ಲಿ ಅಲ್ಲಿಗೆ ಕಥೆ ಮುಗಿಯಬೇಕಾಗಿತ್ತು. ಮುಗಿಯಲಿಲ್ಲ. ಮದರಾಸಿನ ಕ್ವೀನ್ ಮೇರೀಸ್ ಕಾಲೇಜಿನಲ್ಲಿ ಓದಿದರು. ಸರೋಜಿನಿ ನಾಯಿಡು ಅವರ ತಮ್ಮ, ಕವಿ ಹರೀಂದ್ರನಾಥರನ್ನು ಮದುವೆಯಾದರು. ಲಂಡನ್ನಿಗೆ ಹೋಗಿ ಸಮಾಜಶಾಸ್ತ್ರ ಓದಿ, ಅಸಹಕಾರದ ಕರೆ ಕೇಳಿ ಮರಳಿದರು. 1926ರಲ್ಲಿ ಹೆಂಗಸರೂ ಚುನಾವಣೆಗೆ ನಿಲ್ಲಬಹುದೆಂದಾದಾಗ ಮದರಾಸು ಶಾಸನಸಭೆಗೆ ತಮ್ಮ ಜಿಲ್ಲೆಯಿಂದಲೇ ನಿಂತು ಅಲ್ಪ ಮತಗಳಲ್ಲಿ ಸೋತರು. ಮರುವರ್ಷ ಪುಣೆಯಲ್ಲಿ ಅಖಿಲ ಭಾರತ ಮಹಿಳಾ ಸಮ್ಮೇಳನ ಹುಟ್ಟಿದಾಗ ಅದರ ಸಂಘಟನೆಯ ಕಾರ್ಯದರ್ಶಿಯ ಹೊಣೆ ಇವರ ಹೆಗಲೇರಿತು. 1929ರಲ್ಲಿ ಯುರೋಪಿಗೆ ಹೊರಟದ್ದು ಈ ಹಿನ್ನೆಲೆಯಿಂದ.

ಇಲ್ಲೊಂದು ವಿಚಿತ್ರವನ್ನು ಗಮನಿಸಬೇಕು. ಆಗ ಕರ್ನಾಟಕವೆಂಬ ರಾಜ್ಯವಿರಲಿಲ್ಲ. ಮಂಗಳೂರು ಮದರಾಸು ಪ್ರಾಂತಕ್ಕೆ ಸೇರಿತ್ತು, ಹುಬ್ಬಳ್ಳಿ ಧಾರವಾಡಗಳು ಮುಂಬಯಿ ಪ್ರಾಂತಕ್ಕೆ, ಬೆಂಗಳೂರು ಮೈಸೂರು ಸಂಸ್ಥಾನಕ್ಕೆ. ಇಂಡಿಯದವರು ಪರದೇಶಕ್ಕೆ ಒಯ್ಯುತ್ತಿದ್ದ ರಹದಾರಿಯಲ್ಲಿ ಬರೆದಿರುತ್ತಿದ್ದುದು ಬ್ರಿಟಿಷ್ ಪ್ರಜೆ ಎಂದು. ಈ ಊರಿನಲ್ಲಿ ನಮ್ಮ ಹಿರಿಯರನ್ನು ‘ಮದ್ರಾಸಿ’ ಎಂದು ಕರೆದು ಕೈತೊಳೆದುಕೊಂಡ ಜನರ ನಡುವೆ ಬೆಳೆದ ನಮಗೆ ‘ನೀವು ಯಾವ ಕಡೆಯವರು?’ ಎಂಬ ಪ್ರಶ್ನೆಯ ಮೊನೆ ಗೊತ್ತು. ಕಮಲಾದೇವಿಯವರಿಗೆ ಆ ಪ್ರಶ್ನೆ ಬರ್ಲಿನ್ನಿನಲ್ಲಿ ಎದುರಾಯಿತು.

ಬರ್ಲಿನ್ನಿನಲ್ಲಿ ಆ ಜೂನ್ ತಿಂಗಳಲ್ಲಿ ನೆರೆದದ್ದು ಹೆಂಗಸರ ಮತದಾನಕ್ಕಾಗಿ ಹೋರಾಡಿದ ಅಂತರರಾಷ್ಟ್ರೀಯ ಮಹಿಳಾ ಒಕ್ಕೂಟದ ಅಧಿವೇಶನ. ಒಕ್ಕೂಟ ಹುಟ್ಟಿದ್ದು ಅದೇ ನಗರದಲ್ಲಿ, 1904ರಲ್ಲಿ; ಹಾಗಾಗಿ ಇದು ರಜತೋತ್ಸವ. ಸಂಭ್ರಮಕ್ಕೆ ಕಾರಣವೂ ಇತ್ತು. ಜರ್ಮನಿಯ ಹೆಂಗಸರಿಗೆ ಮಹಾಯುದ್ಧ ಮುಗಿಯುತ್ತಲೇ ಮತ ಸಿಕ್ಕಿತ್ತು. ಇಂಗ್ಲೆಂಡಿನಲ್ಲಿ ಗಂಡಸರ ಸರಿಸಮಾನವಾಗಿ ಮತ ಸಿಕ್ಕಿ ಒಂದೇ ವರ್ಷವಾಗಿತ್ತು. ಒಕ್ಕೂಟದ ಅಧ್ಯಕ್ಷೆ ಇಂಗ್ಲೆಂಡಿನ ಮಾರ್ಜರಿ ಕಾರ್ಬೆಟ್ ಆಶ್‌ಬಿ. ಆದರೆ ಸಭೆಯ ಹೊರಗಿನ ಬರ್ಲಿನ್ನು ನೆಮ್ಮದಿಯ ಊರಾಗಿರಲಿಲ್ಲ. ಆರೇಳು ವಾರಗಳ ಹಿಂದೆ, ಮೇ ತಿಂಗಳ ಮೊದಲ ಮೂರು ದಿನ, ಕಾರ್ಮಿಕರ ಮೆರವಣಿಗೆಯ ಮೇಲೆ ಪೊಲೀಸರು ಗುಂಡು ಹಾರಿಸಿ ಮೂವತ್ತಕ್ಕೂ ಹೆಚ್ಚು ಜನ ಸತ್ತಿದ್ದರು.

ಅಧಿವೇಶನದಲ್ಲಿ ಪ್ರತಿಯೊಂದು ದೇಶದ ಬಾವುಟ ಹಾರಬೇಕಷ್ಟೆ. ಇಂಡಿಯದ ಪಾಲಿಗೆ ಯೂನಿಯನ್ ಜಾಕ್. ನಮ್ಮ ಪ್ರತಿನಿಧಿಗಳು ಒಪ್ಪಲಿಲ್ಲ. ನಿಮ್ಮದೇ ಬಾವುಟ ಎಲ್ಲಿ ಎಂದರೆ ತೋರಿಸಲು ಕೈಯಲ್ಲಿ ಇರಲಿಲ್ಲ. ಪರದೇಶದ ಅಂಗಡಿಯಲ್ಲಿ ಅದು ಸಿಗುವ ವಸ್ತುವೂ ಅಲ್ಲ. ಆಗ ಅವರು ತಮ್ಮ ಪೆಟ್ಟಿಗೆಯ ಸೀರೆಗಳನ್ನೇ ತೆಗೆದು ಹರಿದು, ಬಣ್ಣಕ್ಕೆ ಬಣ್ಣ ಕೂಡಿಸಿ, ಬಾವುಟ ಹೊಲಿದರು. ಮಾರನೆಯ ದಿನ ಇತರ ದೇಶಗಳ ಸಾಲಿನಲ್ಲಿ ಅದೂ ನಿಂತಿತು.

ಇಂದಿನ ಓದುಗರಿಗೆ ಇದು ಸುಲಭದ ಸಾಹಸವಾಗಿ ಕಂಡೀತು. ಕಾಲವನ್ನು ಗಮನಿಸಿದರೆ ಹಾಗಲ್ಲ. 1929ರ ಜೂನಿನಲ್ಲಿ ಕಾಂಗ್ರೆಸ್ಸು ಕೂಡ ಪೂರ್ಣ ಸ್ವರಾಜ್ಯವನ್ನು ಕೇಳಿರಲಿಲ್ಲ. ಡೊಮಿನಿಯನ್ ಸ್ಥಾನಕ್ಕಾಗಿ ಸರಕಾರಕ್ಕೆ ಒಂದು ವರ್ಷದ ಗಡುವು ಕೊಟ್ಟು ಕಾದು ಕುಳಿತಿತ್ತು. ರಾವಿ ನದಿಯ ದಡದಲ್ಲಿ ನೆಹರೂ ಅವರು ಬಾವುಟ ಏರಿಸಿದ್ದು ಅದೇ ವರ್ಷದ ಡಿಸೆಂಬರ್ 31ರ ನಡುರಾತ್ರಿ. ಅದಕ್ಕಿಂತ ಆರು ತಿಂಗಳು ಮೊದಲೇ ಕೆಲವು ಹೆಂಗಸರು ಯಾರ ಅಪ್ಪಣೆಗೂ ಕಾಯದೆ ಪರದೇಶದ ಸಭೆಯಲ್ಲಿ ಆ ಪ್ರಶ್ನೆಯನ್ನು ತಮ್ಮ ಮಟ್ಟಿಗೆ ತೀರ್ಮಾನಿಸಿಬಿಟ್ಟರು. ಬಾವುಟದ ರೂಪವೂ ಇನ್ನೂ ಗಟ್ಟಿಯಾಗಿರಲಿಲ್ಲ. ಆಗ ಕಾಂಗ್ರೆಸ್ಸಿನವರು ಹಾರಿಸುತ್ತಿದ್ದುದು ಮೇಲೆ ಬಿಳಿ, ನಡುವೆ ಹಸಿರು, ಕೆಳಗೆ ಕೆಂಪು, ಮೇಲೆ ಚರಕದ ಚಿತ್ರವಿದ್ದ ಬಾವುಟ. ಕೇಸರಿ ಮೇಲಕ್ಕೆ ಬಂದದ್ದು 1931ರಲ್ಲಿ.

ಬಾವುಟದ ಈ ಹಟ ಕಮಲಾದೇವಿಯವರಿಗೆ ಎಲ್ಲಿಂದ ಬಂತು? ನಮ್ಮ ಊಹೆ ಹುಬ್ಬಳ್ಳಿಯ ಕಡೆಗೆ ಹೋಗುತ್ತದೆ. ನಾಗಪುರದ ಧ್ವಜ ಸತ್ಯಾಗ್ರಹದಲ್ಲಿ ಜೈಲು ಕಂಡ ಡಾ. ನಾ. ಸು. ಹರ್ಡೀಕರರು 1923ರ ಕೊನೆಗೆ ಕಟ್ಟಿದ ಹಿಂದುಸ್ತಾನಿ ಸೇವಾದಳದ ಕೇಂದ್ರ ಹುಬ್ಬಳ್ಳಿಯಾಗಿತ್ತು, ಮತ್ತು ತಿಂಗಳಿಗೊಮ್ಮೆ ಧ್ವಜವಂದನೆ ಅದರ ಶಿಸ್ತಿನ ಭಾಗವಾಗಿತ್ತು. ಅದರ ಮಹಿಳಾ ವಿಭಾಗವನ್ನು ನಡೆಸಿದವರು ಉಮಾಬಾಯಿ ಕುಂದಾಪುರ. ಅವರು ಮುಂಬಯಿಯಲ್ಲಿ ಬೆಳೆದು ಓದಿದವರೆಂಬುದು ನಮ್ಮ ಹೆಮ್ಮೆ. ಕಮಲಾದೇವಿಯವರೂ ಆ ದಳದಲ್ಲಿ ದುಡಿದವರು. ಇಂದಿಗೂ ದೇಶಕ್ಕೆ ಖಾದಿಯ ರಾಷ್ಟ್ರಧ್ವಜ ತಯಾರಿಸಿ ಕೊಡುವ ಊರು ಹುಬ್ಬಳ್ಳಿಯ ಬೆಂಗೇರಿಯೇ ಆಗಿರುವುದು ಕಾಕತಾಳೀಯವಿರಬಹುದು, ಆದರೂ ಹೇಳದೆ ಇರಲಾರೆವು.

ಬಾವುಟದ ಪ್ರಸಂಗ ಹೇಳಿದವರು ಇಲ್ಲಿಗೆ ನಿಲ್ಲಿಸುತ್ತಾರೆ. ನಮಗೆ ಮುಖ್ಯವಾಗಿ ಕಾಣುವುದು ಇದರ ಹಿಂದಿನ ಜಗಳ. ಬರ್ಲಿನ್ನಿನಲ್ಲಿ ಕೂಡಿದ ಯುರೋಪಿನ ಹೆಂಗಸರು ಕೆಟ್ಟವರಲ್ಲ. ನಮ್ಮ ಹೆಂಗಸರ ಬಗ್ಗೆ ಅವರಿಗೆ ನಿಜವಾದ ಕಳಕಳಿಯಿತ್ತು. ಆದರೆ ಹೆಣ್ಣಿನ ಬಿಡುಗಡೆ ಒಂದು, ದೇಶದ ಬಿಡುಗಡೆ ಇನ್ನೊಂದು, ಎರಡನೆಯದು ರಾಜಕೀಯ, ಅದನ್ನು ಸಭೆಗೆ ತರಬಾರದು ಎಂಬುದು ಅವರಲ್ಲಿ ಅನೇಕರ ನಿಲುವು. ಸ್ವಂತ ದೇಶ ಉಳ್ಳವರಿಗೆ ಹೀಗೆ ಎರಡನ್ನೂ ಬೇರೆ ಬೇರೆ ಡಬ್ಬಿಯಲ್ಲಿಡುವುದು ಸಲೀಸು. ದೇಶವೇ ಇನ್ನೊಬ್ಬರ ಕೈಯಲ್ಲಿರುವವರು ಏನು ಮಾಡಬೇಕು? ಬಾಲ್ಯವಿವಾಹವನ್ನೂ ವೈಧವ್ಯವನ್ನೂ ಸ್ವತಃ ಅನುಭವಿಸಿದ ಕಮಲಾದೇವಿಯವರಿಗೆ ಸುಧಾರಣೆಯ ಪಾಠವನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅದನ್ನು ಯಾರ ಹೆಸರಿನಲ್ಲಿ, ಯಾರ ಮುಂದಾಳುತನದಲ್ಲಿ ಮಾಡುವುದು ಎಂಬುದೇ ಅವರ ಪ್ರಶ್ನೆ.

ಅದೇ ಪ್ರಶ್ನೆ ಅವರನ್ನು ಜುಲೈಯಲ್ಲಿ ಫ್ರಾಂಕ್‌ಫರ್ಟಿಗೆ ಕರೆದೊಯ್ದಿತು. ಅಲ್ಲಿ ಸೇರಿದ್ದು ಸಾಮ್ರಾಜ್ಯಶಾಹಿ ವಿರೋಧಿ ಲೀಗಿನ ಎರಡನೆಯ ಮಹಾಸಭೆ. ಮೊದಲನೆಯದು 1927ರ ಫೆಬ್ರವರಿಯಲ್ಲಿ ಬ್ರಸೆಲ್ಸಿನಲ್ಲಿ ನಡೆದಾಗ ಜವಾಹರಲಾಲರು ಹೋಗಿದ್ದರು. ಲೀಗಿನ ಕಾರ್ಯದರ್ಶಿಗಳಲ್ಲೊಬ್ಬರು ಕಮಲಾದೇವಿಯವರ ಸ್ವಂತ ಭಾವ, ಹರೀಂದ್ರನಾಥರ ಅಣ್ಣ ವೀರೇಂದ್ರನಾಥ ಚಟ್ಟೋಪಾಧ್ಯಾಯ. ಇವರು ಇಪ್ಪತ್ತನೆಯ ಶತಮಾನದ ಆರಂಭದಲ್ಲಿಯೇ ದೇಶ ಬಿಟ್ಟು ಮರಳಲಾಗದೆ ಬರ್ಲಿನ್ನಿನಲ್ಲಿ ನೆಲೆಸಿದ ಕ್ರಾಂತಿಕಾರಿ. ಮುಂದೆ ರಷ್ಯಕ್ಕೆ ಹೋಗಿ 1937ರಲ್ಲಿ ಸ್ಟಾಲಿನ್ನನ ಆಳ್ವಿಕೆಯ ಗುಂಡಿಗೆ ಬಲಿಯಾದರು. ಒಂದು ಮನೆಯ ಮಕ್ಕಳು ಎಲ್ಲೆಲ್ಲಿ ಹೋಗಿ ಬಿದ್ದರೆಂದು ನೆನೆದರೆ ಮನಸ್ಸು ಭಾರವಾಗುತ್ತದೆ.

ಫ್ರಾಂಕ್‌ಫರ್ಟು ದೂರದ ಊರಾದರೂ ಅಲ್ಲಿನ ಮಾತು ನಮ್ಮ ದಾದರು ಪರಳಿನ ಮಾತೇ ಆಗಿತ್ತು. 1928ರಲ್ಲಿ ಏಪ್ರಿಲಿನಿಂದ ಅಕ್ಟೋಬರಿನವರೆಗೆ ಗಿರಣಿಗಳು ನಿಂತು ಸುಮಾರು ಒಂದೂವರೆ ಲಕ್ಷ ಕಾರ್ಮಿಕರು ಮುಷ್ಕರ ನಡೆಸಿದ್ದು ಈ ಬೀದಿಗಳಲ್ಲಿ. ಅದರ ಬೆನ್ನಿಗೆ 1929ರ ಮಾರ್ಚಿ 20ರಂದು ಸರಕಾರ ದೇಶದ ಹಲವೆಡೆ ಕಾರ್ಮಿಕ ನಾಯಕರನ್ನು ಹಿಡಿದು ಮೀರತ್ ಖಟ್ಲೆ ಹೂಡಿತು. ಹಿಡಿದವರಲ್ಲಿ ಮುಂಬಯಿಯವರು ಬಹಳ; ಅವರಲ್ಲಿ ಎಸ್. ವಿ. ಘಾಟೆಯವರು ಮಂಗಳೂರಿನಲ್ಲಿ ಹುಟ್ಟಿದವರು, ಕಮಲಾದೇವಿಯವರ ಊರಿನವರೇ. ಲೀಗು ಆ ಕೈದಿಗಳ ಪರವಾಗಿ ಯುರೋಪಿನಲ್ಲಿ ಕೂಗೆಬ್ಬಿಸಿತು. ಆದರೆ ಲೀಗಿನೊಳಗೆ ಕಮ್ಯುನಿಸ್ಟರಿಗೂ ಇತರರಿಗೂ ಬಿರುಕು ಬಿಟ್ಟದ್ದೂ ಫ್ರಾಂಕ್‌ಫರ್ಟಿನಲ್ಲಿಯೇ. ಮುಂದೆ ಸಮಾಜವಾದಿಯಾಗಿಯೂ ಯಾವ ದೊಡ್ಡ ಪಕ್ಷದ ಪಡಿಯಚ್ಚಿಗೂ ಹೊಂದದೆ ಉಳಿದ ಕಮಲಾದೇವಿಯವರ ಸ್ವಭಾವಕ್ಕೆ ಆ ಬಿರುಕನ್ನು ಕಣ್ಣಾರೆ ಕಂಡದ್ದೂ ಒಂದು ಕಾರಣವಿರಬೇಕೆಂದು ನಮಗೆ ತೋರುತ್ತದೆ.

ಆಗಸ್ಟಿನಲ್ಲಿ ಡೆನ್ಮಾರ್ಕಿನ ಎಲ್ಸಿನೋರ್, ಅಲ್ಲಿಂದ ಪ್ರಾಗ್. ಎಲ್ಸಿನೋರಿನದು ಶಿಕ್ಷಣದ ಸಮ್ಮೇಳನ. ಮಾಂಟೆಸ್ಸೊರಿ ಅಮ್ಮನವರ ಅಂತರರಾಷ್ಟ್ರೀಯ ಸಂಸ್ಥೆ ಹುಟ್ಟಿದ್ದು ಆ ಸಂದರ್ಭದಲ್ಲಿಯೇ. ಪ್ರಾಗಿನದು ಹೆಂಗಸರ ಶಾಂತಿ ಸಂಘಟನೆಯ ಮಹಾಸಭೆ. ಅಮೆರಿಕೆಯ ಜೇನ್ ಆಡಮ್ಸ್ ಅದರ ಹಿರಿಯರು, 1931ರಲ್ಲಿ ಅವರಿಗೆ ನೊಬೆಲ್ ಶಾಂತಿ ಬಹುಮಾನ ಬಂತು. ಯುದ್ಧವನ್ನು ತೊರೆಯುತ್ತೇವೆಂದು ದೊಡ್ಡ ರಾಷ್ಟ್ರಗಳು ಸಹಿ ಮಾಡಿದ ಕೆಲಾಗ್ ಒಪ್ಪಂದ ಜಾರಿಗೆ ಬಂದು ಆಗ ಒಂದು ತಿಂಗಳು. ಹತ್ತು ವರ್ಷ ತುಂಬುವ ಮೊದಲೇ ಹಿಟ್ಲರನ ಸೈನ್ಯ ಪ್ರಾಗಿನ ಬೀದಿಯಲ್ಲಿತ್ತು. ಬರ್ಲಿನ್ನಿನಲ್ಲಿ ಅತಿಥಿಗಳನ್ನು ಬರಮಾಡಿಕೊಂಡ ಜರ್ಮನ್ ಮಹಿಳೆಯರ ಒಕ್ಕೂಟವಂತೂ 1933ರಲ್ಲಿಯೇ ತನ್ನನ್ನು ತಾನು ವಿಸರ್ಜಿಸಿಕೊಳ್ಳಬೇಕಾಯಿತು.

ಬರ್ಲಿನ್ನಿನ ಜಗಳ ಅಲ್ಲಿಗೇ ಮುಗಿಯಲಿಲ್ಲ. ಅದೇ ವರ್ಷ ಅಕ್ಟೋಬರಿನಲ್ಲಿ ಲಂಡನ್ನಿನ ಕ್ಯಾಕ್ಸ್‌ಟನ್ ಹಾಲಿನಲ್ಲಿ ಪಾರ್ಲಿಮೆಂಟಿನ ಸದಸ್ಯೆ ಎಲೀನರ್ ರಾತ್‌ಬೋನ್ ಅವರು ಇಂಡಿಯದ ಹೆಂಗಸರ ಸ್ಥಿತಿಗತಿಯ ಬಗ್ಗೆ ಸಭೆ ಕರೆದರು. ಅಮೆರಿಕದ ಕ್ಯಾಥರೀನ್ ಮೇಯೋ ನಮ್ಮ ದೇಶವನ್ನು ಹೀಗಳೆದು ಬರೆದ ಪುಸ್ತಕ ಎರಡು ವರ್ಷದಿಂದ ಅಲ್ಲಿ ಮನೆಮಾತಾಗಿತ್ತು. ಆ ಸಭೆಯಲ್ಲಿ ಎದ್ದು ನಿಂತು, ನಮ್ಮ ಹೆಂಗಸರ ಕೆಲಸವನ್ನು ನಮ್ಮ ಹೆಂಗಸರೇ ಮಾಡುತ್ತಿದ್ದಾರೆ, ನೀವು ಮುಂದಾಳುಗಳಾಗುವ ಅಗತ್ಯವಿಲ್ಲ ಎಂಬರ್ಥದಲ್ಲಿ ಪ್ರತಿಭಟಿಸಿದವರು ಧನವಂತಿ ರಾಮರಾವ್. ಇವರು ಹುಬ್ಬಳ್ಳಿಗೆ ಬಂದು ನೆಲೆಸಿದ್ದ ಕಾಶ್ಮೀರಿ ಮನೆತನದ ಮಗಳು, ದಕ್ಷಿಣ ಕನ್ನಡದ ಬೆನಗಲ್ ಮನೆತನದ ಸೊಸೆ. ಪತಿ ಬೆನಗಲ್ ರಾಮರಾಯರು ಮುಂದೆ ಇದೇ ಮುಂಬಯಿಯಲ್ಲಿ ರಿಸರ್ವ್ ಬ್ಯಾಂಕಿನ ಗವರ್ನರರಾದರು. ಧನವಂತಿಯವರು 1949ರಲ್ಲಿ ಇಲ್ಲಿ ಕುಟುಂಬ ಯೋಜನಾ ಸಂಘ ಕಟ್ಟಿದರು; 1952ರಲ್ಲಿ ಅಂತರರಾಷ್ಟ್ರೀಯ ಸಮ್ಮೇಳನ ಮುಂಬಯಿಯಲ್ಲಿ ನೆರೆದಾಗ ಪ್ರತಿನಿಧಿಗಳು ಯುರೋಪು ಅಮೆರಿಕೆಗಳಿಂದ ಹಾರಿ ಇವರಲ್ಲಿಗೆ ಬಂದರು.

ಕಮಲಾದೇವಿಯವರು ಸ್ವದೇಶಕ್ಕೆ ಮರಳಿದ ಮೇಲೆ ಬೇಗನೆ ಅದೇ ಪ್ರಶ್ನೆ ತಿರುಗಿ ಬಂತು, ಈ ಸಲ ಮನೆಯವರಿಂದಲೇ. 1930ರ ಮಾರ್ಚಿಯಲ್ಲಿ ಗಾಂಧೀಜಿ ದಂಡಿಗೆ ಹೊರಟಾಗ ಜೊತೆಗಿದ್ದವರಲ್ಲಿ ಒಬ್ಬ ಹೆಂಗಸೂ ಇರಲಿಲ್ಲ. ಹೆಂಗಸರ ಪಾಲಿಗೆ ಹೆಂಡದಂಗಡಿ, ಪರದೇಶಿ ಬಟ್ಟೆಯಂಗಡಿಗಳ ಪಿಕೆಟಿಂಗ್ ಸಾಕೆಂಬುದು ಹಿರಿಯರ ಅಭಿಪ್ರಾಯ. ಕಮಲಾದೇವಿಯವರು ಹೋಗಿ ಗಾಂಧೀಜಿಯನ್ನು ಕಂಡು ವಾದಿಸಿದರು, ಒಪ್ಪಿಸಿದರು. ದೇಶದ ಬಿಡುಗಡೆಯನ್ನು ಬಿಟ್ಟು ಹೆಣ್ಣಿನ ಬಿಡುಗಡೆಯಿಲ್ಲ ಎಂದು ಬರ್ಲಿನ್ನಿನಲ್ಲಿ ಹೇಳಿದವರು, ಹೆಣ್ಣನ್ನು ಬಿಟ್ಟು ದೇಶದ ಬಿಡುಗಡೆಯೂ ಇಲ್ಲವೆಂದು ತಮ್ಮವರಿಗೂ ಹೇಳಬೇಕಾಯಿತು. ಎರಡನೆಯ ಮಾತೇ ಹೆಚ್ಚು ಕಷ್ಟದ್ದಿರಬೇಕು.

ಏಪ್ರಿಲ್ 6ರಂದು ಚೌಪಾಟಿಯಲ್ಲಿ ಮುಂಬಯಿಯ ಮೊದಲ ತಂಡ ಉಪ್ಪಿನ ಕಾನೂನು ಮುರಿಯಿತು. ಏಳು ಜನರ ಆ ತಂಡದಲ್ಲಿ ಇಬ್ಬರು ಹೆಂಗಸರು: ಅವಂತಿಕಾಬಾಯಿ ಗೋಖಲೆ ಮತ್ತು ಕಮಲಾದೇವಿ. ಆ ದಿನಗಳ ನೂಕುನುಗ್ಗಲಿನಲ್ಲಿ ಬಾವುಟ ಕಿತ್ತುಕೊಳ್ಳಲು ಬಂದವರಿಗೆ ಅದನ್ನು ಬಿಟ್ಟುಕೊಡದೆ ಆಕೆ ಅಪ್ಪಿ ಹಿಡಿದು ನಿಂತದ್ದನ್ನು ಊರೇ ಮಾತಾಡಿಕೊಂಡಿತು. ಜೂನ್ 1ರಂದು ದಾದರಿನ ಪಕ್ಕದ ವಡಾಳಾದ ಉಪ್ಪಿನ ಆಗರಕ್ಕೆ ಹದಿನೈದು ಸಾವಿರದಷ್ಟು ಜನ ನುಗ್ಗಿ, ಕೈಗೆ ಸಿಕ್ಕಷ್ಟು ಉಪ್ಪು ಹೊತ್ತು ತಂದರು. ಅವರಲ್ಲಿ ಹೆಂಗಸರೂ ಮಕ್ಕಳೂ ಇದ್ದರು.

ಕಮಲಾದೇವಿಯವರು ತಾವು ಕಾಸಿದ ಉಪ್ಪನ್ನು ಚಿಕ್ಕ ಪೊಟ್ಟಣಗಳಲ್ಲಿ ಕಟ್ಟಿ, ‘ಸ್ವಾತಂತ್ರ್ಯದ ಉಪ್ಪು’ ಎಂದು ಕೂಗುತ್ತ ಶೇರು ಬಜಾರಿನ ದಲಾಲರ ನಡುವೆ ಹೊಕ್ಕು ಮಾರಿದರು. ಬಳಿಕ ಹೈಕೋರ್ಟಿನ ಆವರಣಕ್ಕೆ ಹೋಗಿ, ಎದುರಿಗಿದ್ದ ಮ್ಯಾಜಿಸ್ಟ್ರೇಟರನ್ನೇ ನಿಮಗೂ ಒಂದು ಪೊಟ್ಟಣ ಬೇಕೇ ಎಂದು ಕೇಳಿದರು. ಆ ವರ್ಷದ ಬಹುಭಾಗ ಅವರಿಗೆ ಜೈಲಿನಲ್ಲಿ ಕಳೆಯಿತು.